ಮುಯ್ಯಾಳಿಗೆ ಕೊಟ್ಟ ಕೂಲಿ

ನನ್ನ ಗಂಡನಿಗೆ ಸಾಲ ಎಂದರೆ ಆಗುತ್ತಿರಲಿಲ್ಲ. ಬರೀ ದುಡ್ಡಿನ ಸಾಲವಲ್ಲ, ಪಕ್ಕದ ಮನೆಯಿಂದ ಒಂದು ಬಟ್ಟಲು ಕಾಫಿಪುಡಿ ತಂದರೂ ಅದು ವಾಪಸ್ಸು ಹೋಗುವ ತನಕ ಅವರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ತೀರಿಹೋದ ನಮ್ಮ ಮಾವನವರು ಒಳ್ಳೆಯ ಮನುಷ್ಯರು, ಆದರೆ ತಂದದ್ದನ್ನು ಹಿಂದಕ್ಕೆ ಕೊಡಬೇಕು ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲವಂತೆ. ಕೊಡೆ, ಗುದ್ದಲಿ, ಏಣಿ, ಸಕ್ಕರೆ, ಒಂದು ಸಲ ಯಾರದೋ ಮನೆಯ ತೊಟ್ಟಿಲು ಕೂಡ ನಮ್ಮ ಮನೆಗೆ ಬಂದು ಇಲ್ಲೇ ಉಳಿದುಬಿಟ್ಟಿತ್ತು. ಅವನ್ನೆಲ್ಲ ಕೇಳಿ ತರಲು ಹೋಗುತ್ತಿದ್ದವರು ಮನೆಯ ಒಬ್ಬನೇ ಮಗ, ಅಂದರೆ ನನ್ನ ಗಂಡ. ಕೊಡುವವರ ಮುಖ ಹೇಗೆ ಸಣ್ಣಗಾಗುತ್ತದೆ ಎಂಬುದನ್ನು ಅವರು ಆಗಲೇ ಚೆನ್ನಾಗಿ ನೋಡಿಕೊಂಡಿದ್ದರು.

ದೊಡ್ಡವರಾದ ಮೇಲೆ ಕೋಲಾರದಲ್ಲಿ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ಗುಮಾಸ್ತರಾದರು. ಮಂಡಿಯಲ್ಲಿ ಸಂಜೆ ಬಾಗಿಲು ಹಾಕುವ ಮೊದಲು ಮೂಟೆ ಹೊತ್ತವನಿಂದ ಹಿಡಿದು ಗಾಡಿ ಹೊಡೆದವನ ತನಕ ಎಲ್ಲರದ್ದೂ ಚುಕ್ತಾ ಆಗಬೇಕು. ಆ ಕೆಲಸ ಅವರಿಗೆ ಹೇಳಿ ಮಾಡಿಸಿದಂತಿತ್ತು. “ಯಾರ ಹಂಗೂ ಇಲ್ದೆ ಮಲ್ಗೋದಿದೆ ನೋಡು, ಅದೇ ಕಣೇ ಸುಖ” ಎನ್ನುತ್ತಿದ್ದರು. ಮಲಗಿದ ಕೂಡಲೇ ಗೊರಕೆ ಹೊಡೆಯುತ್ತಲೂ ಇದ್ದರು, ಆದ್ದರಿಂದ ಮಾತು ಸುಳ್ಳಲ್ಲ.

ನಾನೇನೂ ದುಡ್ಡನ್ನು ಹೀಗಳೆಯುವವಳಲ್ಲ. ದುಡ್ಡಿನಲ್ಲಿ ಏನಿದೆ ಬಿಡಿ ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ. ಅಂಥವರ ಮನೆಯಲ್ಲಿ ಒಲೆ ಹಚ್ಚುವ ಚಿಂತೆ ಬೇರೆ ಯಾರೋ ಹೊತ್ತಿರುತ್ತಾರೆ. ದುಡ್ಡು ಬೇಕು, ಚೆನ್ನಾಗಿಯೇ ಬೇಕು. ಆದರೆ ದುಡ್ಡು ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಎಂಬುದೊಂದಿದೆಯಲ್ಲ, ಅದನ್ನು ಕಲಿಯಲು ನಮ್ಮ ಮನೆಗೆ ಒಂದು ವರ್ಷ ಹಿಡಿಯಿತು. ಕಲಿಯುವಷ್ಟರಲ್ಲಿ ನನ್ನ ನಾದಿನಿಯ ಬದುಕು ಕೈತಪ್ಪಿ ಹೋಗುವುದರಲ್ಲಿತ್ತು.

ನಾನು ಯಲ್ದೂರಿನ ಕಡೆಯವಳು, ಮಾವಿನ ತೋಪುಗಳ ನಡುವೆ ಬೆಳೆದವಳು. ಮಾವಿನ ಮರ ಮರ್ಯಾದಸ್ಥ ಮರ, ವರ್ಷಕ್ಕೊಮ್ಮೆ ಗಲಾಟೆ ಮಾಡಿ ಮಿಕ್ಕ ದಿನ ಸುಮ್ಮನಿರುತ್ತದೆ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಕ್ಯಾಲನೂರಿನ ಹತ್ತಿರದ ಹಳ್ಳಿಗೆ ಬಂದರೆ, ಮನೆಯ ದೊಡ್ಡ ಕೋಣೆ ರೇಷ್ಮೆ ಹುಳುಗಳದ್ದು! ನಾವು ಮನುಷ್ಯರು ಜಗಲಿಯಲ್ಲಿ, ಅಡುಗೆಮನೆಯಲ್ಲಿ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ. ಹುಳುಗಳಿಗೆ ಗಾಳಿ ಬೇಕು, ಬಿಸಿಲು ಬೇಡ. ಹೊಗೆ ಬೇಡ, ಒಗ್ಗರಣೆಯ ಘಾಟು ಬೇಡ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೇಕು. ನನ್ನ ಅತ್ತೆ ನನ್ನನ್ನು ಯಾವತ್ತೂ ಅಷ್ಟು ಅಕ್ಕರೆಯಿಂದ ನೋಡಿಕೊಂಡಿರಲಿಲ್ಲ ಎಂದು ಆಗ ಸಿಟ್ಟು ಬರುತ್ತಿತ್ತು. ಆಮೇಲೆ ನನಗೂ ಅದೇ ಹುಚ್ಚು ಹತ್ತಿತು.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಮಂಕಾಗಿ ಮಲಗಿ ಪೊರೆ ಕಳಚುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಹೊಟ್ಟೆಬಾಕತನ ಬರುತ್ತದೆ. ಎಷ್ಟು ಸೊಪ್ಪು ಹಾಕಿದರೂ ಸಾಲದು. ಒಂದು ವಾರ ಹೀಗೆ ತಿಂದು, ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟು ತಲೆಯೆತ್ತುತ್ತದೆ. ಮೈ ಹೊಂಬಣ್ಣಕ್ಕೆ ತಿರುಗಿ ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾಗುತ್ತದೆ. ಇದೇ ಹುಳು ಹಣ್ಣಾಗುವುದು. ಆಗ ಅದನ್ನು ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಚಾಪೆಯ ಮೇಲೆ ಬಿದಿರು ಪಟ್ಟಿಯನ್ನು ಸುರುಳಿ ಸುತ್ತಿ ಹೊಲಿದ ದೊಡ್ಡ ತಟ್ಟೆ. ಅದರ ಸಂದಿನಲ್ಲಿ ಕೂತು ಹುಳು ಗೂಡು ಕಟ್ಟುತ್ತದೆ. ತಡ ಮಾಡಿದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು, ಕೊಳಕು ಗೂಡು ಕಟ್ಟಿ, ತಿಂಗಳ ದುಡಿಮೆಯನ್ನು ಮಣ್ಣುಪಾಲು ಮಾಡುತ್ತದೆ. ಮನೆ ತುಂಬ ಹುಳು ಹೆಚ್ಚುಕಡಿಮೆ ಒಂದೇ ದಿನ ಹಣ್ಣಾಗುತ್ತದೆ, ಮನೆಯವರು ನಾಲ್ಕು ಜನ. ಹೇಗೆ ಸಾಧ್ಯ?

ಅದಕ್ಕೇ ಇತ್ತು ಮುಯ್ಯಿ. ನಮ್ಮ ಹುಳು ಹಣ್ಣಾದಾಗ ಬೀದಿಯ ಹೆಂಗಸರೆಲ್ಲ ನಮ್ಮ ಮನೆಗೆ. ಅವರ ಹುಳು ಹಣ್ಣಾದಾಗ ನಾವೆಲ್ಲ ಅವರ ಮನೆಗೆ. ಹೀಗೆ ಬಂದವರು ಮುಯ್ಯಾಳು. ಅವರಿಗೆ ಮುದ್ದೆ, ಅವರೆಕಾಳಿನ ಸಾರು, ಹೊರಡುವಾಗ ಎಲೆ ಅಡಿಕೆ. ದುಡ್ಡಿನ ಮಾತು ಇರಲಿಲ್ಲ. ಇಂದು ಅವರು ಎಷ್ಟು ಹೊತ್ತು ದುಡಿದರು, ನಾಳೆ ನಾವು ಎಷ್ಟು ದುಡಿಯಬೇಕು ಎಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಬೀದಿ ಕೊನೆಯ ಟೈಲರ್ ಸಾಬರ ಹೆಂಡತಿಯನ್ನು ನಾವೆಲ್ಲ ಬೂಬಮ್ಮ ಎನ್ನುತ್ತಿದ್ದೆವು. ಅವರ ಮನೆಯಲ್ಲಿ ಹುಳುವೇ ಇರಲಿಲ್ಲ, ಆದರೂ ಬರುತ್ತಿದ್ದರು. ರಂಜಾನಿಗೆ ಮುಂಚೆ ಅವರ ಅಂಗಳದಲ್ಲಿ ಶ್ಯಾವಿಗೆ ಹೊಸೆಯಲು ನಾವು ಹೋಗುತ್ತಿದ್ದೆವು. ಶ್ಯಾವಿಗೆಗೂ ಹುಳುವಿಗೂ ಸಮ ಆಯಿತು.

ಈ ಗುಂಪಿಗೆ ನಾಯಕಿ ಎದುರು ಮನೆಯ ಅಕ್ಕಯ್ಯ. ಎತ್ತರದ ಹೆಂಗಸು, ದೊಡ್ಡ ಗಂಟಲು, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ ಹೊಗೆಸೊಪ್ಪು. ಹೊಗೆಸೊಪ್ಪಿನ ವಾಸನೆ ಹುಳುವಿಗೆ ವಿಷ. ಆದ್ದರಿಂದ ಹುಳುವಿನ ಕೋಣೆಗೆ ಬರುವ ಮುಂಚೆ ಅಕ್ಕಯ್ಯ ಜಗಲಿಯ ಮೇಲೆ ತನ್ನ ಎಲೆ ಅಡಿಕೆ ಚೀಲ ಇಟ್ಟು, ಬಾಯಿ ಮುಕ್ಕಳಿಸಿ, ಕೈಕಾಲು ತಿಕ್ಕಿ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಜಗಲಿಯ ಮೇಲೆ ಆ ಚೀಲ ಕಂಡರೆ ಸಾಕು, ಇನ್ನು ಭಯವಿಲ್ಲ ಎಂದು ನಮಗೆ ಸಮಾಧಾನ.

ಆ ವರ್ಷ ಮೊದಲ ಬೆಳೆ ಬಹಳ ಚೆನ್ನಾಗಿ ಬಂತು. ಹುಳು ಹಣ್ಣಾಗುವ ಹೊತ್ತಿಗೆ ಅತ್ತೆ ಮುಳಬಾಗಿಲಿನ ಹತ್ತಿರದ ತವರಿಗೆ ಹೋಗಿದ್ದರು. ನನ್ನ ಗಂಡ ಮಂಡಿಗೆ ರಜೆ ಹಾಕಿ ಮನೆಯಲ್ಲಿದ್ದರು. ಹತ್ತು ಹನ್ನೆರಡು ಹೆಂಗಸರು ಬೆಳಗಿನಿಂದ ಕೂತು, ನಗುತ್ತ, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈಯುತ್ತ, ಇಳಿಹೊತ್ತಿಗೆ ಎಲ್ಲವನ್ನೂ ಚಂದ್ರಿಕೆಗೆ ಬಿಟ್ಟು ಮುಗಿಸಿದರು. ನಾನು ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದೆ. ಮಾತು ನಿಂತಿತಲ್ಲ ಎಂದು ಹೊರಗೆ ಬಂದು ನೋಡಿದರೆ, ನನ್ನ ಗಂಡ ಮಂಡಿಯಿಂದ ತಂದ ಗರಿಗರಿ ಎರಡು ರೂಪಾಯಿ ನೋಟುಗಳನ್ನು ಒಬ್ಬೊಬ್ಬರ ಕೈಗೂ ಇಡುತ್ತಿದ್ದಾರೆ. ಆಗ ಹೆಣ್ಣಾಳಿನ ದಿನಗೂಲಿ ಅಷ್ಟೇ ಇತ್ತು.

“ಏನಪ್ಪಾ ಇದು?” ಎಂದಳು ಅಕ್ಕಯ್ಯ.

“ನಿಮ್ಮ ಕಷ್ಟಕ್ಕೆ, ಅಕ್ಕಯ್ಯ. ಸುಮ್ನೆ ದುಡಿಸ್ಕೊಳ್ಳೋಕೆ ನಂಗೆ ಮನಸ್ಸು ಬರಲ್ಲ.”

ಅಕ್ಕಯ್ಯ ನೋಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಎದ್ದು, ಜಗಲಿಯ ಮೇಲಿದ್ದ ಚೀಲದ ಗಂಟು ಬಿಚ್ಚಿ ಅದರೊಳಗೆ ಮಡಿಸಿಟ್ಟು, ಮೆಟ್ಟಿಲು ಇಳಿದಳು. ನಾನು ಓಡಿಹೋಗಿ “ಅಕ್ಕಯ್ಯ, ಊಟ!” ಎಂದೆ.

“ಕೂಲಿ ತಗೊಂಡ್ಮೇಲೆ ಊಟ ಯಾಕಮ್ಮ?” ಎಂದು ನಡೆದೇಬಿಟ್ಟಳು. ಅವಳ ಹಿಂದೆಯೇ ಮಿಕ್ಕವರೂ ಹೊರಟರು. ಬೂಬಮ್ಮ ಮಾತ್ರ ಒಂದು ಗಳಿಗೆ ನಿಂತು ನನ್ನ ಮುಖ ನೋಡಿ, ಸೆರಗು ತಲೆಗೆಳೆದುಕೊಂಡು ಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ರೀ, ನಿಮಗ್ಯಾರು ಹೇಳಿದ್ರು ಕೊಡೋಕೆ?” ಎಂದು ಜಗಳಕ್ಕೇ ನಿಂತೆ. ಅವರು ತಣ್ಣಗೆ “ಬಡವರ ಹತ್ರ ಪುಕ್ಕಟೆ ಕೆಲ್ಸ ಮಾಡಿಸ್ಕೋಬೇಕಾ? ಅದು ನ್ಯಾಯಾನಾ?” ಎಂದು ಕೇಳಿದರು. ಕೇಳಿದರೆ ನ್ಯಾಯವಾಗಿಯೇ ಇದೆ! ಏನು ತಪ್ಪಾಯಿತೆಂದು ನನ್ನ ಹೊಟ್ಟೆಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಒಂದು ದೊಡ್ಡ ಪಾತ್ರೆ ತುಂಬ ಮುದ್ದೆ ಹಾಗೇ ಉಳಿಯಿತು. ನಾವು ತಿಂದಷ್ಟು ತಿಂದು, ಮಿಕ್ಕದ್ದನ್ನು ಎಮ್ಮೆಗೆ ಹಾಕಿದೆ.

ಅತ್ತೆ ಊರಿಂದ ಬಂದು ವಿಷಯ ಕೇಳಿದವರೇ ಮಗನ ಮೇಲೆ ಹರಿಹಾಯ್ದರು. ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತಿತ್ತು. “ಏಮಿರಾ, ಬುದ್ಧಿ ಉಂದಾ ನೀಕು? ಕೊಟ್ಟು ಕೈ ತೊಳ್ಕೊಂಡ್ಬಿಟ್ಯಲ್ಲೋ! ನಾಳೆ ಯಾವ ಮುಖ ಇಟ್ಕೊಂಡು ಕರೀಲಿ ಅವರನ್ನ?”

“ದುಡ್ಡು ಕೊಟ್ಟಿದ್ದು ತಪ್ಪಾ ಅಮ್ಮ? ಯಾವೂರ ನ್ಯಾಯ ಇದು? ಬರದಿದ್ರೆ ಬಿಡ್ಲಿ, ಕೂಲಿಯೋರನ್ನ ಕರ್ಕೊಂಬರ್ತೀನಿ.”

ಅತ್ತೆ ಹಣೆ ಚಚ್ಚಿಕೊಂಡರು. ಆದರೆ ಅವರು ತವರಿನಿಂದ ಇನ್ನೊಂದು ಸುದ್ದಿಯನ್ನೂ ಹೊತ್ತು ತಂದಿದ್ದರು. ಅವರ ಕೊನೆಯ ತಮ್ಮನಿಗೆ ನನ್ನ ನಾದಿನಿಯನ್ನು ಕೊಡುವ ಮಾತು. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ. ಹುಡುಗ ಎಂದರೆ ಹುಡುಗನೇನಲ್ಲ, ಅವಳಿಗಿಂತ ಹದಿನೈದು ವರ್ಷ ದೊಡ್ಡವನು. ಒಳ್ಳೆಯವನೇ. ವರದಕ್ಷಿಣೆ ಬೇಡ ಎಂದಿದ್ದ.

ನನ್ನ ನಾದಿನಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮೃದು ಮಾತಿನ ಹುಡುಗಿ, ಆದರೆ ಹಟಕ್ಕೆ ನಿಂತರೆ ಕಲ್ಲು. ನರ್ಸಮ್ಮನ ತರಬೇತಿಗೆ ಅರ್ಜಿ ಹಾಕಿದ್ದಳು, ಕೋಲಾರದಲ್ಲಿ ಸೀಟೂ ಸಿಕ್ಕಿತ್ತು. ಹಾಸ್ಟೆಲಿಗೆ ಮುಂಗಡ, ಬಿಳಿ ಸೀರೆಗಳು, ಟ್ರಂಕು, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕಿತ್ತು. ಮೊದಲ ಬೆಳೆಯ ದುಡ್ಡು ಬಾವಿಯ ಪಂಪಿಗೂ ಮನೆಯ ಹೆಂಚಿಗೂ ಆಗಲೇ ಹೋಗಿತ್ತು. ಗಂಡನ ಸಂಬಳ ಮನೆಗೆ ಸರಿಹೋಗುತ್ತಿತ್ತು. ಸಾಲ ತರಬಹುದಿತ್ತು, ಆದರೆ ಆ ಮಾತನ್ನು ನಮ್ಮ ಮನೆಯಲ್ಲಿ ಎತ್ತುವ ಹಾಗಿರಲಿಲ್ಲವಲ್ಲ.

“ಮುಂದಿನ ಬೆಳೆ ನನ್ದು ಅಮ್ಮ” ಎಂದಳು ನಾದಿನಿ. “ಅದು ಚೆನ್ನಾಗಿ ಬಂದ್ರೆ ನಾನು ಓದ್ತೀನಿ. ಬರದಿದ್ರೆ ನೀನು ಹೇಳ್ದಂಗೆ ಕೇಳ್ತೀನಿ.”

ಅತ್ತೆ ಯೋಚಿಸಿ ಆಗಲಿ ಎಂದರು. ಅವರು ಕೆಟ್ಟವರಲ್ಲ. ಮಗಳು ಊರೂರು ಸುತ್ತುವ ಕೆಲಸಕ್ಕೆ ಹೋಗಿ ಒಂಟಿಯಾಗುತ್ತಾಳೆಂಬ ಹೆದರಿಕೆ ಅವರಿಗೆ. ಅಂತೂ ಒಬ್ಬ ಹುಡುಗಿಯ ಇಡೀ ಬದುಕು ಬಿದಿರು ತಟ್ಟೆಯ ಮೇಲಿನ ಸಾಸಿವೆ ಕಾಳಿನಂಥ ಮೊಟ್ಟೆಗಳ ಮೇಲೆ ನಿಂತಿತು.

ನಮ್ಮ ಮೊಟ್ಟೆ ಒಡೆದು ಮರಿಗಳು ಇನ್ನೂ ಇರುವೆಯ ಗಾತ್ರದಲ್ಲಿದ್ದವು. ಒಂದು ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಎದುರು ಮನೆಗೆ ಹೋದರು. ಅಕ್ಕಯ್ಯನ ಹುಳು ಹಣ್ಣಾಗಿತ್ತು. ಬೇರೆ ದಿನವಾಗಿದ್ದರೆ ಅವಳು ತನ್ನ ಬಾಗಿಲಲ್ಲೇ ನಿಂತು “ಹಣ್ಣಾಗವೆ, ಬರ್ರಮ್ಮೋ” ಎಂದು ಕೂಗಿ ಮೊದಲು ನಮ್ಮನ್ನು ಎಬ್ಬಿಸುತ್ತಿದ್ದಳು. ಅಂದು ನಮ್ಮ ಮನೆಯ ಕಡೆ ತಿರುಗಿ ಕೂಡ ನೋಡಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಅವಳ ಮಟ್ಟಿಗೆ ನಮ್ಮದೂ ಅವಳದೂ ಚುಕ್ತಾ ಆಗಿತ್ತು, ಅಷ್ಟೇ. ಚುಕ್ತಾ ಎಂದರೆ ಏನೆಂದು ನನಗೆ ಅರ್ಥವಾದದ್ದು ಆಗ, ಕೈಯಲ್ಲಿ ಖಾಲಿ ಚೊಂಬು ಹಿಡಿದು ನಿಂತಿದ್ದಾಗ. ನನಗೆ ಅಳು ಬಂತು.

ನಾದಿನಿ ಹಿಂದಿನಿಂದ ಬಂದು “ಅತ್ತಿಗೆ, ನಾವೂ ಹೋಗೋಣ” ಎಂದಳು.

“ಕರೀದೇನೇನೇ?”

“ಅಕ್ಕಯ್ಯ ಕರೀದಿದ್ರೇನು, ಹುಳ ಕರೀತಾ ಅವಲ್ಲ.”

ಆ ಮಾತಿಗೆ ನನಗೆ ಧೈರ್ಯ ಬಂತು. ಇಬ್ಬರೂ ಹೋದೆವು. ಕೈಕಾಲು ತೊಳೆದುಕೊಂಡು ಒಳಗೆ ಹೋಗಿ, ಯಾರನ್ನೂ ಕೇಳದೆ ಒಂದು ತಟ್ಟೆಯ ಮುಂದೆ ಕೂತು ಆರಿಸತೊಡಗಿದೆವು. ಮಾತು ನಮ್ಮನ್ನು ಬಿಟ್ಟು ಮಿಕ್ಕವರ ನಡುವೆ ಮುಂದುವರಿಯಿತು. ಹಣ್ಣಾದ ಹುಳುವನ್ನು ಅವಸರದಲ್ಲಿ ಹಿಡಿದರೆ ಒಡೆದುಹೋಗುತ್ತದೆ, ಆದ್ದರಿಂದ ನಮ್ಮ ಗಮನವೆಲ್ಲ ಬೆರಳಿನಲ್ಲೇ ಇತ್ತು. ಅದೇ ಒಳ್ಳೆಯದಾಯಿತು.

ಕೆಲಸ ಮುಗಿದ ಮೇಲೆ ಎಲ್ಲರ ಮುಂದೂ ಮುದ್ದೆಯ ತಟ್ಟೆ ಬಂತು. ನಮ್ಮ ಮುಂದೆ ಬಂದದ್ದು ಅಕ್ಕಯ್ಯ. ಚೀಲದ ಗಂಟು ಬಿಚ್ಚಿ ಎರಡು ರೂಪಾಯಿಯ ನೋಟೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು. ಮಡಿಕೆ ಅದೇ, ನೋಟೂ ಅದೇ. ಅವಳು ಅದನ್ನು ಖರ್ಚೇ ಮಾಡಿರಲಿಲ್ಲ.

“ನಿಮ್ ಕಷ್ಟಕ್ಕೆ ತಗೋಮ್ಮ. ಸುಮ್ನೆ ದುಡಿಸ್ಕೊಳ್ಳೋಕೆ ನಂಗೂ ಮನಸ್ಸು ಬರಲ್ಲ.”

ಎಲ್ಲರ ಕಣ್ಣೂ ನನ್ನ ಮೇಲೆ. ತೆಗೆದುಕೊಂಡರೆ ಮುಗಿಯಿತು, ಅವರು ಅವರ ಪಾಡಿಗೆ, ನಾವು ನಮ್ಮ ಪಾಡಿಗೆ. ಬೇಡ ಎಂದು ತಳ್ಳಿದರೆ ನನ್ನ ಗಂಡ ಕೊಟ್ಟಾಗ ಅವಳು ತಳ್ಳಲಿಲ್ಲವಲ್ಲ, ನಾವೇನು ಅವಳಿಗಿಂತ ದೊಡ್ಡವರೇ ಎಂದಾಗುತ್ತದೆ. ನನ್ನ ನಾಲಿಗೆಯ ಮೇಲೆ ನನಗೆ ಯಾವತ್ತೂ ನಂಬಿಕೆ, ಅಂದೂ ಅದು ಕೈಬಿಡಲಿಲ್ಲ.

“ಅದು ನಿನ್ನ ಚೀಲದಲ್ಲೇ ಇರ್ಲಿ ಅಕ್ಕಯ್ಯ” ಎಂದೆ. “ನಮ್ಮ ಹುಳ ಹಣ್ಣಾದಾಗ ಬರ್ತೀಯಲ್ಲ, ಆಗ ಕೊಡು.”

ಬೂಬಮ್ಮ ಫಕ್ಕನೆ ನಕ್ಕುಬಿಟ್ಟರು. ಅಕ್ಕಯ್ಯ ನಗಲಿಲ್ಲ. ನೋಟನ್ನು ಚೀಲಕ್ಕೆ ಹಾಕಿ, ಗಂಟು ಬಿಗಿದು, ಒಳಗೆ ಹೋಗಿ ಎರಡು ಮುದ್ದೆ ತಂದು ನಮ್ಮ ಮುಂದಿಟ್ಟಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮನೆಗೆ ಬಂದು ನಡೆದದ್ದನ್ನು ಹೇಳಿದರೆ ನನ್ನ ಗಂಡ “ಅವಳ ದುಡ್ಡು ತಗೊಂಡಿದ್ರೆ ಸರಿಹೋಗ್ತಿತ್ತು, ಈಗ ನಾವೇ ಬಾಕಿ ಇಟ್ಟಂಗಾಯ್ತು” ಎಂದರು. ಬಾಕಿ ಇಟ್ಟವಳು ಅವಳು, ನಾವಲ್ಲ ಎಂದೆ. ಯಾರದಾದರೇನು, ಬಾಕಿ ಬಾಕಿಯೇ ಎಂದರು. ಆ ಮನುಷ್ಯನ ಜೊತೆ ವಾದ ಮಾಡುವುದಕ್ಕಿಂತ ಸೊಪ್ಪು ಕೊಯ್ಯುವುದು ಮೇಲು ಎಂದು ನಾನು ತೋಟಕ್ಕೆ ಹೋದೆ.

ಆಮೇಲೆ ಬೀದಿಯ ಇನ್ನೂ ಎರಡು ಮನೆಗಳಿಗೆ ಕರೆಯದೆಯೇ ಹೋದೆವು. ಬೂಬಮ್ಮನ ಮನೆಯ ಶ್ಯಾವಿಗೆಗೂ ಹೋದೆವು. ನಾದಿನಿ ಅಲ್ಲಿ ಕೂತು ಕೂದಲೆಳೆಯಂತೆ ಶ್ಯಾವಿಗೆ ಹೊಸೆಯುವುದನ್ನು ನೋಡಿ ಬೂಬಮ್ಮ “ಅರೇ, ಈ ಕೈ ಸೂಜಿ ಹಿಡಿಯೋಕೇ ಹುಟ್ಟಿರೋದು” ಎಂದರು. ಮನೆಗೆ ಬಂದ ಕೂಡಲೇ ನಾದಿನಿ ಹುಳುವಿನ ಕೋಣೆಗೆ ಹೋಗಿ ತಟ್ಟೆಗಳನ್ನು ಒಂದೊಂದಾಗಿ ನೋಡಿ ಬಂದಳು.

ಬೆಳೆ ಚೆನ್ನಾಗಿಯೇ ಎದ್ದಿತು. ನಾಲ್ಕನೇ ಜ್ವರವೂ ಕಳೆಯಿತು. ಆ ವಾರ ಸೆಕೆ ಜಾಸ್ತಿಯಾಗಿ, ನಾವು ಅಂದುಕೊಂಡದ್ದಕ್ಕಿಂತ ಒಂದು ದಿನ ಮುಂಚೆಯೇ ಹುಳು ಹಣ್ಣಾಗಿಬಿಟ್ಟಿತು. ಬೆಳಿಗ್ಗೆ ಸೊಪ್ಪು ಹಾಕಲು ಹೋದ ನಾದಿನಿ ಹಾಗೇ ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಹೊರಗೆ ಬಂದಳು. “ಅತ್ತಿಗೆ, ಎಲ್ಲಾ ತಲೆ ಎತ್ತವೆ.”

ನನ್ನ ಗಂಡ ಅಂಗಿ ಹಾಕಿಕೊಂಡು “ಕೋಲಾರದಿಂದ ಕೂಲಿಯೋರನ್ನ ಕರ್ಕೊಂಬರ್ತೀನಿ” ಎಂದು ಬಸ್ಸಿಗೆ ಓಡಿದರು. ಅತ್ತೆ ಬಾಗಿಲಿಗೆ ಹೋಗಿ ನಿಂತರು. ಸ್ವಲ್ಪ ಹೊತ್ತು ಗಂಟಲು ಸರಿಮಾಡಿಕೊಂಡರು. ಆಮೇಲೆ ಎಂದಿನ ದನಿಯಲ್ಲೇ “ಹಣ್ಣಾಗವೆ, ಬರ್ರಮ್ಮೋ” ಎಂದು ಕೂಗಿದರು.

ಯಾರೂ ಬರಲಿಲ್ಲ. ನಾನು ಬೀದಿಗಿಳಿದು ನೋಡಿದರೆ ಬಾಗಿಲುಗಳಿಗೆಲ್ಲ ಚಿಲಕ. ಅಕ್ಕಯ್ಯನ ಮನೆಗೂ ಚಿಲಕ. ಕೆರೆಯ ಆಚೆ ದೊಡ್ಡ ಹೊಲದವರು ರಾಗಿ ಕಳೆ ಕೀಳಲು ಎಲ್ಲರನ್ನೂ ಕೂಲಿಗೆ ಕರೆದಿದ್ದರು. ಅಕ್ಕಯ್ಯನ ಮುದಿ ಮಾವನೊಬ್ಬ ಜಗಲಿಯಲ್ಲಿ ಕೂತಿದ್ದ. “ನಮ್ಮ ಹುಳ ಹಣ್ಣಾಗವೆ ತಾತ” ಎಂದೆ. ತಾತನಿಗೆ ಕಿವಿ ಅಷ್ಟಕ್ಕಷ್ಟೆ. ಕೇಳಿಸಿತೋ ಇಲ್ಲವೋ, ತಲೆಯಾಡಿಸಿದ.

ಮೂವರೂ ಕೂತು ಆರಿಸಿದೆವು. ಒಂದು ತಟ್ಟೆ ಮುಗಿಸುವಷ್ಟರಲ್ಲಿ ಇನ್ನೊಂದು ತಟ್ಟೆಯಲ್ಲಿ ಹುಳುಗಳು ಮೂಲೆ ಹಿಡಿದು ನೂಲು ಬಿಡುತ್ತಿದ್ದವು. ಬಿಸಿಲೇರಿತು. ನಾದಿನಿಯ ಕೈ ನಿಲ್ಲಲಿಲ್ಲ, ಕಣ್ಣೀರು ಮಾತ್ರ ಕೆನ್ನೆಯ ಮೇಲಿಂದ ತಟ್ಟೆಗೆ ಬೀಳುತ್ತಿತ್ತು. ಅತ್ತೆ ಅದನ್ನು ನೋಡಿ “ಹುಳಕ್ಕೆ ನೀರು ಬೀಳಿಸ್ಬೇಡ ಕಣೇ” ಎಂದು ಗದರಿ, ತಾವೇ ಸೆರಗಿನಿಂದ ಮಗಳ ಮುಖ ಒರೆಸಿದರು. ಆ ಗಳಿಗೆಯಲ್ಲಿ ಅತ್ತೆಗೂ ತಮ್ಮನ ಮದುವೆ ಬೇಡವಾಗಿತ್ತು ಎಂದು ನಾನು ಈಗಲೂ ಬಲ್ಲೆ.

ಆಗ ಹೊರಗೆ ಯಾರೋ ಬಾಯಿ ಮುಕ್ಕಳಿಸಿ ಉಗಿದ ಸದ್ದಾಯಿತು. ನಾನು ತಲೆಯೆತ್ತಿ ಬಾಗಿಲಾಚೆ ನೋಡಿದೆ. ಜಗಲಿಯ ಮೇಲೆ ಎಲೆ ಅಡಿಕೆ ಚೀಲ!

ಅಕ್ಕಯ್ಯನ ಸೀರೆ ಮೊಣಕಾಲಿನ ತನಕ ಕೆಸರು. ಅವಳ ಹಿಂದೆ ಎಲ್ಲರೂ ಇದ್ದರು, ಕೈಯಲ್ಲಿ ಕಳೆ ಕೀಳುವ ಕುಡುಗೋಲು ಸಮೇತ. ತಾತ ಕೋಲೂರಿಕೊಂಡು ಹೊಲದ ತನಕ ನಡೆದು ಸುದ್ದಿ ಮುಟ್ಟಿಸಿದ್ದನಂತೆ. ಹೊಲದ ಯಜಮಾನ ನಡುವೆ ಬಿಟ್ಟು ಹೋದರೆ ಇಡೀ ದಿನದ ಕೂಲಿ ಕೊಡುವುದಿಲ್ಲ ಎಂದನಂತೆ. “ಮಡಿಕ್ಕೊಳ್ಳಪ್ಪ ನೀನೇ ಆ ಕೂಲೀನ, ಅಂದ್ಬಿಟ್ಟು ಬಂದ್ವಿ” ಎಂದಳು ಅಕ್ಕಯ್ಯ, ಕಾಲು ತಿಕ್ಕುತ್ತ. ಒಳಗೆ ಬಂದು ನಾದಿನಿಯನ್ನು ನೋಡಿ “ಏನೇ ಹುಡುಗಿ, ನರ್ಸಮ್ಮ ಆಗೋಳು ಹಿಂಗ್ ಅಳ್ತಾರಾ? ಸರಿ ಅತ್ಲಾಗೆ” ಎಂದು ಅವಳನ್ನು ನೂಕಿ ಪಕ್ಕದಲ್ಲೇ ಕೂತಳು. ಮಾತು ಶುರುವಾಯಿತು, ಅತ್ತೆಯರನ್ನು ಬೈಯುವುದೂ ಶುರುವಾಯಿತು. ನನ್ನ ಅತ್ತೆ ತಮ್ಮ ಸತ್ತುಹೋದ ಅತ್ತೆಯನ್ನು ಬೈದರು.

ಇಳಿಹೊತ್ತಿಗೆ ನನ್ನ ಗಂಡ ಬಂದರು, ಒಬ್ಬರೇ. ಅವತ್ತು ಕೋಲಾರದಲ್ಲಿ ಕೂಲಿಯವರು ಸಿಕ್ಕಿರಲಿಲ್ಲ. ಸಿಕ್ಕಿದ ಒಂದಿಬ್ಬರು ಹುಳು ಎಂದ ಕೂಡಲೇ ಅಸಹ್ಯಪಟ್ಟುಕೊಂಡರಂತೆ. ಬಾಗಿಲಲ್ಲಿ ನಿಂತು ತುಂಬಿದ ಮನೆಯನ್ನು ನೋಡಿದರು. ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು.

“ಜೇಬಿಂದ ಕೈ ತೆಗಿಯಪ್ಪ” ಎಂದಳು ಅಕ್ಕಯ್ಯ. “ಆ ಕೈ ತೊಳ್ಕೊಂಡು ಬಾ, ಈ ತಟ್ಟೆ ಹಿಡಿ.”

ಅವರು ಕೈ ತೊಳೆದುಕೊಂಡು ಬಂದು ಹೆಂಗಸರ ನಡುವೆ ಚಕ್ಕಂಬಕ್ಕಲ ಹಾಕಿ ಕೂತು ಹುಳು ಆರಿಸಿದರು. ನಿಧಾನ ಎಂದರೆ ನಿಧಾನ, ಒಂದು ಹುಳುವನ್ನು ತಿರುಗಿಸಿ ತಿರುಗಿಸಿ ನೋಡುವುದು. “ಅದೇನು ಸವಕಲು ರೂಪಾಯಿ ಅಂತ ನೋಡ್ತೀಯಾ?” ಎಂದು ಯಾರೋ ಅಂದರು. ಮನೆ ಹಾರಿಹೋಗುವಂತೆ ನಗು. ಅವರೂ ನಕ್ಕರು. ಅಂದು ಎಲ್ಲರೂ ನಮ್ಮ ಮನೆಯಲ್ಲಿ ಉಂಡರು. ಎಮ್ಮೆಗೆ ಒಂದು ಮುದ್ದೆಯೂ ಉಳಿಯಲಿಲ್ಲ.

ಬೆಳಿಗ್ಗೆ ನೂಲು ಬಿಟ್ಟಿದ್ದ ಒಂದಿಷ್ಟು ಕೊಳಕು ಗೂಡಾಯಿತು, ಮಿಕ್ಕದ್ದೆಲ್ಲ ಚೆನ್ನಾಗಿತ್ತು. ಮಾರುಕಟ್ಟೆಯಲ್ಲಿ ಒಳ್ಳೆಯ ರೇಟೇ ಸಿಕ್ಕಿತು. ಟ್ರಂಕು ಬಂತು, ಬಿಳಿ ಸೀರೆಗಳು ಬಂದವು. ರವಿಕೆಗಳನ್ನು ಟೈಲರ್ ಸಾಬರು ಹೊಲಿದರು. ಅವರಿಗೆ ಹೊಲಿಗೆಯ ಕೂಲಿ ಕೊಟ್ಟೆವು, ಅವರೂ ತೆಗೆದುಕೊಂಡರು. ಅದು ಅವರ ಕಸುಬು, ಕೊಡಬೇಕಾದದ್ದು. ನನ್ನ ಗಂಡನಿಗೆ ಇದು ಮೊದಲು ಬಹಳ ಗೊಂದಲವಾಗುತ್ತಿತ್ತು. “ಇವರಿಗೆ ಕೊಡ್ಬಹುದು, ಅವರಿಗೆ ಕೊಡ್ಬಾರ್ದು, ಏನೇ ಇದು?” ಎನ್ನುತ್ತಿದ್ದರು. “ಗೊತ್ತಾಗದಿದ್ರೆ ನನ್ನ ಕೇಳಿ” ಎಂದೆ. ಅಂದಿನಿಂದ ಕೇಳಲು ಶುರುಮಾಡಿದರು, ಅದು ನನಗೆ ಆ ಬೆಳೆಯಲ್ಲಿ ಬಂದ ಲಾಭ.

ನಾದಿನಿ ಹೊರಡುವ ದಿನ ಬೀದಿಯ ಹೆಂಗಸರೆಲ್ಲ ಬಂದರು. ಮದುವೆಯಲ್ಲಿ ಕೊಟ್ಟವರ ಹೆಸರು ಕೂಗಿ ಹೆಣ್ಣಿಗೆ ಉಡುಗೊರೆಯ ಮುಯ್ಯಿ ಓದಿಸುತ್ತಾರಲ್ಲ, ಹಾಗೆ ಅವಳನ್ನು ಮಣೆಯ ಮೇಲೆ ಕೂರಿಸಿ, ಎಲೆ ಅಡಿಕೆಯ ಮೇಲೆ ತಮ್ಮ ತಮ್ಮ ಮುಯ್ಯಿ ಇಟ್ಟು ಕೊಟ್ಟರು. ನಾಲ್ಕಾಣೆ, ಎಂಟಾಣೆ, ಒಂದು ರೂಪಾಯಿ. ಅಕ್ಕಯ್ಯ ಕೊನೆಗೆ ಬಂದು ಚೀಲ ಬಿಚ್ಚಿ ಆ ಎರಡು ರೂಪಾಯಿ ನೋಟು ಇಟ್ಟಳು.

ನನ್ನ ಗಂಡ ಅದನ್ನು ಗುರುತು ಹಿಡಿದರು. ಮುಖ ಕೆಂಪಾಯಿತು.

“ಇದು ನಿಮ್ಮಣ್ಣ ಕೊಟ್ಟ ಕೂಲಿ ಅಲ್ಲ” ಎಂದಳು ಅಕ್ಕಯ್ಯ ನಾದಿನಿಗೆ. “ಇದು ನಾನು ಓದಿಸೋ ಮುಯ್ಯಿ. ಮುಯ್ಯಿ ಅಂದ್ಮೇಲೆ ತಿರುಗಿ ಬರ್ಬೇಕು. ಮರೀಬೇಡ.”

ನಾದಿನಿ ಮರೆಯಲಿಲ್ಲ. ಎಂಬತ್ತರ ದಶಕದಲ್ಲಿ ಅವಳು ಮಾಲೂರಿನ ಕಡೆ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ನಮ್ಮ ಹೋಬಳಿಗೇ ವರ್ಗವಾಗಿ ಬಂದಳು. ಜೊತೆಯಲ್ಲಿ ಕೆಲಸ ಮಾಡುವವನನ್ನು ಮೆಚ್ಚಿ ಮದುವೆಯೂ ಆದಳು. ಅತ್ತೆ ಸ್ವಲ್ಪ ದಿನ ಮುನಿಸಿಕೊಂಡಿದ್ದು, ಆಮೇಲೆ ಅಳಿಯನೇ ಊರಿಗೆಲ್ಲ ಬುದ್ಧಿವಂತ ಎಂದು ಹೇಳಿಕೊಂಡು ಓಡಾಡಿದರು. ಸರ್ಕಾರ ನಾದಿನಿಗೆ ಸಂಬಳ ಕೊಡುತ್ತಿತ್ತು. ಸಂಬಳದ ಕೆಲಸವನ್ನು ಅವಳು ನಿಯತ್ತಾಗಿ ಮಾಡುತ್ತಿದ್ದಳು. ಆದರೆ ನಮ್ಮ ಬೀದಿಯಲ್ಲಿ ಹೆರಿಗೆ ಎಂದರೆ ರಜೆಯಿರಲಿ, ಮೈಯಲ್ಲಿ ಜ್ವರವಿರಲಿ, ಸೈಕಲ್ ಏರಿ ಬಂದೇ ಬರುತ್ತಿದ್ದಳು. ಒಂದು ಸಲವೂ ಯಾರೂ ಕರೆಯಬೇಕಾಗಿ ಬರಲಿಲ್ಲ. ಅವಳ ಮುಖದಲ್ಲಿದ್ದ ನೆಮ್ಮದಿಯನ್ನು ನೋಡಿದಾಗ, ಸುಖ ಎಂದರೆ ಹಂಗಿಲ್ಲದೆ ಮಲಗುವುದು ಎಂಬ ನನ್ನ ಗಂಡನ ಮಾತು ಅರ್ಧ ಮಾತ್ರ ಸರಿ ಎನ್ನಿಸುತ್ತಿತ್ತು. ಅವಳಿಗೆ ಹತ್ತು ಮನೆಗಳ ಹಂಗಿತ್ತು, ಆದರೂ ಅವಳಷ್ಟು ಹಗುರವಾಗಿ ಓಡಾಡುವವರನ್ನು ನಾನು ಕಂಡಿಲ್ಲ.

ಅಕ್ಕಯ್ಯನ ಸೊಸೆಯ ಹೆರಿಗೆ ಕಷ್ಟದ್ದಾಗಿತ್ತು. ಮಗು ಅಡ್ಡಲಾಗಿತ್ತು. ನಾದಿನಿ ಹೊತ್ತಿಗೆ ಸರಿಯಾಗಿ ಅದನ್ನು ಕಂಡುಹಿಡಿದು, ಬಾಡಿಗೆ ವ್ಯಾನು ಹಿಡಿದು, ತಾನೇ ಜೊತೆಯಲ್ಲಿ ಕೂತು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಾಯಿ ಮಗು ಇಬ್ಬರೂ ಉಳಿದರು. ಅವರೆಲ್ಲ ಊರಿಗೆ ಬಂದ ದಿನ ಅಕ್ಕಯ್ಯ ನಮ್ಮ ಜಗಲಿಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಂಟಲು ಮಾತ್ರ ಹಾಗೇ ಇತ್ತು. ನಾದಿನಿಯ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಏನಾದರೂ ಕೊಡಲೇಬೇಕೆಂದು ತೋಚಿತೋ ಏನೋ, ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿ ದೊಡ್ಡದೊಂದು ನೋಟು ತೆಗೆದು ಮುಂದೆ ಹಿಡಿದಳು.

ನಾದಿನಿ ಬಾಯಿ ತೆರೆಯುವ ಮುಂಚೆಯೇ, ಕಂಬಕ್ಕೊರಗಿ ಪೇಪರ್ ಓದುತ್ತಿದ್ದ ನನ್ನ ಗಂಡ ಎದ್ದು ನಿಂತುಬಿಟ್ಟರು.

“ಲೇ, ತಗೋಬೇಡ ಕಣೇ ಅದನ್ನ!” ಎಂದು ತಂಗಿಯನ್ನು ಗದರಿ, ಅಕ್ಕಯ್ಯನ ಕಡೆ ತಿರುಗಿದರು. “ಅಕ್ಕಯ್ಯ, ಒಳಗಿಡು ಅದನ್ನ. ನಾವಿನ್ನೂ ನಿಮ್ಮ ಜೊತೆ ಬದುಕ್ಬೇಕು.”

ಅಕ್ಕಯ್ಯ ಅವರ ಮುಖವನ್ನೇ ನೋಡಿದಳು. ನೋಟನ್ನು ಚೀಲಕ್ಕೆ ಹಾಕಿ ಗಂಟು ಬಿಗಿದಳು. ಆಮೇಲೆ ನನ್ನ ಕಡೆ ತಿರುಗಿ, “ಊಟಕ್ಕೇನು ಮಾಡಿದೀಯಮ್ಮ ಇವತ್ತು?” ಎಂದು ಕೇಳಿದಳು.